ಬೋರೆ ಹೊಲದ ಆರು ಇಂಚು: ನಾಲ್ಕು ವರ್ಷದ ರಿಪೇರಿ

ಮಾರ್ಚ್ 2021

ಮಣ್ಣು ಆರೋಗ್ಯ ಕಾರ್ಡ್ ಕೈಗೆ ಬಂತು. ಹನ್ನೆರಡು ಸಾಲು. ಸತು ಕಡಿಮೆ, ಬೋರಾನ್ ಕಡಿಮೆ, ಪೊಟ್ಯಾಷ್ ಪರವಾಗಿಲ್ಲ. ಇವಕ್ಕೆಲ್ಲ ಗೊಬ್ಬರದ ಅಂಗಡಿಯಲ್ಲಿ ಚೀಲ ಸಿಗುತ್ತದೆ. ಸಾವಯವ ಇಂಗಾಲ, ಅಂದರೆ ಕೊಳೆತ ಎಲೆ, ಬೇರು, ಗೊಬ್ಬರದಿಂದ ಮಣ್ಣಿಗೆ ಸೇರುವ ಇಂಗಾಲದ ಸಾಲಿನಲ್ಲಿ ಶೇ. 0.38 ಅಂತ ಬರೆದು, ಪಕ್ಕದಲ್ಲಿ 'ಕಡಿಮೆ' ಅಂದಿದ್ದರು. ಅದಕ್ಕೆ ಮಾತ್ರ ಯಾವ ಅಂಗಡಿಯಲ್ಲೂ ಚೀಲ ಇಲ್ಲ.

ಹೊಲ ಇರುವುದು ತಿಪಟೂರು ಕಡೆ. ಕೆಮ್ಮಣ್ಣು, ಬೋರೆ, ಒಂದು ಎಕರೆ. ಮಳೆ ನಂಬಿದ ರಾಗಿ, ಅಕ್ಕಡಿ ಸಾಲಿನಲ್ಲಿ ಅವರೆ, ಅಂಚಿನಲ್ಲಿ ತೆಂಗು. ಹತ್ತು ವರ್ಷದಿಂದ ಮಣ್ಣನ್ನು ಪುಡಿಪುಡಿ ಮಾಡುವ ರೋಟವೇಟರ್ ಹೊಡೆಸುತ್ತಿದ್ದೆವು. ಹುಲ್ಲು ದನಕ್ಕೆ ಹೋಗುತ್ತಿತ್ತು, ತೆಂಗಿನ ಗರಿ ಬೆಂಕಿಗೆ ಹೋಗುತ್ತಿತ್ತು. ಹೊಲಕ್ಕೆ ವಾಪಸ್ ಬರುತ್ತಿದ್ದದ್ದು ಡಿಎಪಿ ಮತ್ತು ಯೂರಿಯಾ ಅಷ್ಟೇ. 0.38 ಯಾಕೆ ಬಂತು ಅಂತ ಬೇರೆ ಯಾರನ್ನೂ ಕೇಳಬೇಕಾಗಿರಲಿಲ್ಲ.

ಕಾರ್ಡಿನ ಅಳತೆಯಲ್ಲಿ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.5ರಿಂದ 0.75 ಮಧ್ಯಮ, ಅದರ ಮೇಲೆ ಹೆಚ್ಚು. ಆದರೆ ಆ ಅಂಕಿ ಕಣ್ಣಿಗೆ ಹೇಗೆ ಕಾಣುತ್ತದೆ? ಅದನ್ನು ನೋಡಬೇಕು ಅನ್ನಿಸಿತು. ಜಗಲಿ ಮೇಲೆ ಎರಡು ಗಾಜಿನ ಲೋಟದಲ್ಲಿ ನೀರು ಇಟ್ಟೆ. ಎರಡು ಟೀ ಜಾಲರಿ. ಒಂದರಲ್ಲಿ ಹೊಲದ ನಡುವಿನ ಒಣ ಹೆಂಟೆ, ನಿಂಬೆಹಣ್ಣಿನಷ್ಟು ಗಾತ್ರ. ಇನ್ನೊಂದರಲ್ಲಿ ಬದುವಿನ ಹೊಂಗೆ ಮರದ ಬುಡದ ಹೆಂಟೆ. ಆ ಜಾಗಕ್ಕೆ ನೇಗಿಲು ಯಾವತ್ತೂ ಹೋಗಿಲ್ಲ. ಎರಡನ್ನೂ ಒಟ್ಟಿಗೆ ಮುಳುಗಿಸಿದೆ.

ಹೊಲದ ಹೆಂಟೆ ಬುಳುಬುಳು ಗುಳ್ಳೆ ಬಿಟ್ಟಿತು. ಅಂಚು ಉದುರಿತು, ಆಮೇಲೆ ಹೊಟ್ಟೆ ಬಿರಿದು ಕುಸಿಯಿತು. ನಲವತ್ತು ಸೆಕೆಂಡ್ ಆಗುವಷ್ಟರಲ್ಲಿ ಲೋಟದ ನೀರು ಕುಂಕುಮ ಕದಡಿದ ಹಾಗಾಯಿತು. ಹೊಂಗೆ ಬುಡದ ಹೆಂಟೆ ನಾಲ್ಕು ಗುಳ್ಳೆ ಬಿಟ್ಟು ಸುಮ್ನೆ ಕೂತಿತು. ಅಪ್ಪ ಕಾಫಿ ಕುಡಿದು, ಪೇಪರ್ ಓದಿ ಬಂದರು. ಇನ್ನೂ ಕೂತಿತ್ತು. ಬೆರಳಲ್ಲಿ ಒತ್ತಿ ನೋಡಿದರು. ಒಳಗೆ ಕೂದಲಿನಂಥ ಬೇರು, ಬಿಳಿ ಎಳೆ. ಬೇರು ಒಸರುವ ಅಂಟು, ಶಿಲೀಂಧ್ರದ ಎಳೆ, ಕೊಳೆತ ಎಲೆ ಇವೇ ಕಣಗಳನ್ನು ಕಚ್ಚಿ ಹಿಡಿದಿರುತ್ತವೆ. ಎರಡು ಜಾಗದ ನಡುವೆ ಇಪ್ಪತ್ತು ಮಾರು ದೂರ ಇಲ್ಲ. ನೆಲ ಒಂದೇ.

ಅವತ್ತಿನಿಂದ ಈ ನೋಟ್‌ಬುಕ್ ಶುರು.

ಏಪ್ರಿಲ್ 2021: ಉಂಗುರ ಮತ್ತು ಲೆಕ್ಕ

0.38 ಅಂದರೆ ಎಷ್ಟು ಇಂಗಾಲ? ಅದಕ್ಕೆ ಮೊದಲು ಮಣ್ಣಿನ ತೂಕ ಗೊತ್ತಾಗಬೇಕು. ವೆಲ್ಡಿಂಗ್ ಅಂಗಡಿಯಲ್ಲಿ ಬಿದ್ದಿದ್ದ ಕಬ್ಬಿಣದ ಪೈಪಿನಿಂದ ಒಂದು ಉಂಗುರ ಕೊಯ್ಸಿದೆ. ಒಳಗಿನ ಅಡ್ಡಳತೆ 7 ಸೆಂಟಿಮೀಟರ್, ಎತ್ತರ 8. ಒಂದು ಬಾಯಿಯನ್ನು ಹೊರಗಡೆಯಿಂದ ಮಾತ್ರ ಅರ ಹಾಕಿ ಚೂಪು ಮಾಡಿಕೊಂಡೆ. ಒಳಗಡೆಯಿಂದ ಉಜ್ಜಿದರೆ ಮಣ್ಣು ಒತ್ತಿಕೊಂಡು ಒಳಗೆ ಹೋಗುತ್ತದೆ, ಅಳತೆ ಸುಳ್ಳಾಗುತ್ತದೆ. ಒಳಗಿನ ಗಾತ್ರ ಸುಮಾರು 308 ಸಿಸಿ.

ಮೇಲೆ ಮರದ ತುಂಡು ಇಟ್ಟು ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದು ಇಳಿಸಿದೆ. ಸುತ್ತ ಅಗೆದು, ಉಂಗುರ ಎತ್ತಿ, ಎರಡೂ ಕಡೆ ಹಳೇ ಚಾಕುವಿನಲ್ಲಿ ಸಮ ಮಾಡಿದೆ. ಆ ಮಣ್ಣನ್ನು ಅಡುಗೆಮನೆಯ ಓವನ್‌ನಲ್ಲಿ 105 ಡಿಗ್ರಿಯಲ್ಲಿ ಪೂರ್ತಿ ಒಣಗಿಸಿದೆ. ಮನೆ ತುಂಬ ಮೊದಲ ಮಳೆಯ ವಾಸನೆ ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಸೆಗಣಿ ಸುಟ್ಟ ವಾಸನೆ. ಆ ವಾರ ಓವನ್ ವಿಷಯದಲ್ಲಿ ಸಾಕಷ್ಟು ಬೈಸಿಕೊಂಡೆ. ಒಣ ತೂಕ 456 ಗ್ರಾಂ. ಭಾಗಿಸಿದರೆ ಸಿಸಿಗೆ 1.48 ಗ್ರಾಂ.

ಒಂದು ಎಕರೆ 4,047 ಚದರ ಮೀಟರ್. ಆರು ಇಂಚು ಅಂದರೆ 15 ಸೆಂಟಿಮೀಟರ್ ಆಳ. ಗುಣಿಸಿದರೆ ಮಣ್ಣು ಸುಮಾರು 900 ಟನ್! ಅದರಲ್ಲಿ ಶೇ. 0.38 ಇಂಗಾಲ ಅಂದರೆ ಮೂರೂವರೆ ಟನ್‌ಗೆ ಸ್ವಲ್ಪ ಕಡಿಮೆ. 0.5ಕ್ಕೆ ಏರಿಸಬೇಕಾದರೆ ಹೆಚ್ಚುಕಡಿಮೆ 1,080 ಕೆಜಿ ಇಂಗಾಲ ಹೊಸದಾಗಿ ಸೇರಿ, ಅಲ್ಲೇ ಉಳಿಯಬೇಕು.

ಉಳಿಯುವುದೇ ಕಷ್ಟ. ಒಂದು ಟ್ರಾಕ್ಟರ್ ಲೋಡ್ ಕೊಟ್ಟಿಗೆ ಗೊಬ್ಬರ ಎರಡೂವರೆ ಟನ್ ಅಂತ ಇಟ್ಟುಕೊಳ್ಳಿ. ಅರ್ಧ ನೀರು. ಉಳಿದದ್ದರಲ್ಲಿ ಹತ್ತರಲ್ಲಿ ಮೂರು ಪಾಲಿನಷ್ಟು ಇಂಗಾಲ ಇದ್ದರೂ ಲೋಡಿಗೆ 375 ಕೆಜಿ ಮೇಲೆ ಹಿಡಿಯುವ ಹಾಗಿಲ್ಲ. ಸೂಕ್ಷ್ಮಜೀವಿಗಳು ಅದನ್ನು ತಿಂದು, ಉಸಿರಾಡಿ, ಬಹುಪಾಲು ಗಾಳಿಗೆ ಬಿಡುತ್ತವೆ. ನಮ್ಮ ಬಿಸಿಲಿಗೆ ಆ ಕೆಲಸ ಇನ್ನೂ ಜೋರು. ಐದರಲ್ಲಿ ಒಂದು ಪಾಲು ಮಣ್ಣಿನಲ್ಲಿ ನಿಂತಿತು ಅಂದುಕೊಂಡರೂ ಲೋಡಿಗೆ 75 ಕೆಜಿ. ಅಂದರೆ ಹದಿನಾಲ್ಕು ಹದಿನೈದು ಲೋಡ್, ಒಂದು ಎಕರೆಗೆ. ಇದು ಅಂದಾಜಿನ ಲೆಕ್ಕ, ಹಳೆಯ ಇಂಗಾಲ ಪ್ರತಿ ವರ್ಷ ಸ್ವಲ್ಪ ಸವೆಯುವುದನ್ನು ಇದರಲ್ಲಿ ಸೇರಿಸಿಲ್ಲ. ಆದರೂ ಒಂದು ಉಪಕಾರ ಆಯಿತು. 'ಒಂದೇ ವರ್ಷದಲ್ಲಿ ಇಂಗಾಲ ಡಬಲ್' ಅಂತ ಯಾರಾದರೂ ಡಬ್ಬಿ ಮಾರಲು ಬಂದರೆ ಈಗ ನನಗೆ ನಗು ಬರುತ್ತದೆ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1978ರಿಂದ ಇಂಥದ್ದೇ ಕೆಮ್ಮಣ್ಣಿನಲ್ಲಿ ಮಳೆಯಾಶ್ರಿತ ರಾಗಿ ಮೇಲೆ ಪ್ರಯೋಗ ನಡೆಯುತ್ತಿದೆ. ಅಲ್ಲಿ ಇಳುವರಿಯಲ್ಲೂ ಇಂಗಾಲದಲ್ಲೂ ಮುಂದೆ ನಿಂತಿರುವುದು ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆ ಶಿಫಾರಸು ಮಾಡಿದ ರಸಗೊಬ್ಬರವನ್ನೂ ಕೊಟ್ಟ ತಾಕು. ಎಕರೆಗೆ ನಾಲ್ಕು ಟನ್ ಆಯಿತು. ನಾನು ಅದನ್ನೇ ಗುರಿ ಇಟ್ಟುಕೊಂಡೆ. ಹಾಗಾಗಿ ರಸಗೊಬ್ಬರ ಪೂರ್ತಿ ಬಿಡಲಿಲ್ಲ. ಇದನ್ನು ಕೇಳಿ ಇಬ್ಬರು ಗೆಳೆಯರಿಗೆ ಬೇಜಾರಾಯಿತು, ಇರಲಿ.

ಜೂನ್ 2021: ತಿಪ್ಪೆ ರಿಪೇರಿ

ನಮ್ಮ ತಿಪ್ಪೆ ಬಟ್ಟಬಯಲಲ್ಲಿತ್ತು. ಬೇಸಿಗೆಯಲ್ಲಿ ಒಣಗಿ ಬೆರಣಿ, ಮಳೆಗಾಲದಲ್ಲಿ ಕಂದು ಕಷಾಯ ಹರಿದು ಚರಂಡಿಗೆ. ಅರ್ಧ ಸತ್ವ ಹೊಲಕ್ಕೆ ಹೋಗುವ ಮೊದಲೇ ಮುಗಿದಿರುತ್ತಿತ್ತು.

ಹೊಂಗೆ ನೆರಳಿಗೆ ಬದಲಾಯಿಸಿದೆ. ಹತ್ತು ಅಡಿ ಉದ್ದ, ಆರು ಅಡಿ ಅಗಲ, ಮೂರು ಅಡಿ ಆಳದ ಗುಂಡಿ, ಸುತ್ತ ಒಂದು ಗೇಣು ಎತ್ತರ ಮಣ್ಣಿನ ಕಟ್ಟೆ. ತಳಕ್ಕೆ ಕತ್ತರಿಸಿದ ತೆಂಗಿನ ಗರಿ, ಮೇಲೆ ಸೆಗಣಿ, ಗಂಜಲ ನೆಂದ ಹುಲ್ಲು, ಮತ್ತೆ ಗರಿ. ಗರಿಯನ್ನು ಮಚ್ಚಿನಲ್ಲಿ ಕಡಿದು ಕಡಿದು ಭುಜ ಬಿದ್ದುಹೋಯಿತು. ಎರಡನೇ ವರ್ಷದಿಂದ ಬಾಡಿಗೆಗೆ ಪುಡಿ ಮಾಡುವ ಯಂತ್ರ ತರಿಸಿದೆ. ಮೊದಲೇ ತರಿಸಬೇಕಿತ್ತು.

ಗುಂಡಿ ಕೆಲಸ ಮಾಡುತ್ತಿದೆಯಾ ಅಂತ ನೋಡಲು ಒಂದು ಕಬ್ಬಿಣದ ಸರಳು ಸಾಕು. ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ಎಳೆದೆ. ಐದನೇ ದಿನ ಹಿಡಿಯಲು ಆಗದಷ್ಟು ಸುಡುತ್ತಿತ್ತು. ಮೂರನೇ ವಾರ ತಣ್ಣಗಾಗಿತ್ತು. ಬಗೆದು ನೋಡಿದರೆ ಒಳಗೆ ಬೂದಿಯ ಹಾಗೆ ಒಣಗಿತ್ತು. ನೀರು ಹಾಕಿ ತಿರುವಿದೆ, ಮತ್ತೆ ಕಾವು ಏರಿತು. ಹಿಡಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಬರಬೇಕು. ಅಷ್ಟೇ ಹದ.

ಆಗಸ್ಟ್ 2021: ನಾರಿನ ಪುಡಿಯ ಪ್ರಸಂಗ

ಈ ಭಾಗ ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ. ನಮ್ಮ ಕಡೆ ತೆಂಗಿನ ನಾರಿನ ಪುಡಿ ರಸ್ತೆ ಬದಿ ಗುಡ್ಡೆ ಬಿದ್ದಿರುತ್ತದೆ. ಪೂರ್ತಿ ಇಂಗಾಲವೇ ಅಲ್ವಾ, ಬಿಟ್ಟಿ ಸಿಗುತ್ತದೆ ಅಲ್ವಾ ಅಂತ ಎರಡು ಲೋಡ್ ತಂದು ಬಿತ್ತನೆಗೆ ಮುಂಚೆ ಹೊಲದ ಕಾಲು ಭಾಗಕ್ಕೆ ಹಸಿಹಸಿಯಾಗಿ ಹರಡಿ ಉಳುಮೆ ಮಾಡಿದೆ.

ಇಪ್ಪತ್ತೈದು ದಿನಕ್ಕೆ ರಾಗಿ ಹಳದಿ. ಆ ಕಾಲು ಭಾಗ ಮಾತ್ರ. ಗೆರೆ ಎಳೆದ ಹಾಗೆ, ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ಕೇಳುವ ಹಾಗೆ ಹಳದಿ.

ಕಾರಣ ಆಮೇಲೆ ತಿಳಿಯಿತು. ಹಸಿ ನಾರಿನ ಪುಡಿಯಲ್ಲಿ ಒಂದು ಪಾಲು ಸಾರಜನಕಕ್ಕೆ ನೂರು ಪಾಲಿಗಿಂತ ಜಾಸ್ತಿ ಇಂಗಾಲ. ಅದನ್ನು ಜೀರ್ಣಿಸಿಕೊಳ್ಳಲು ಸೂಕ್ಷ್ಮಜೀವಿಗಳಿಗೆ ಸಾರಜನಕ ಬೇಕು. ಅವು ರಾಗಿಯ ಬಾಯಿಂದ ಕಿತ್ತುಕೊಂಡವು. ಮೇಲೆ ಯೂರಿಯಾ ಕೊಟ್ಟು ಹೇಗೋ ಉಳಿಸಿಕೊಂಡೆ, ಆದರೂ ಆ ತಾಕಿನಲ್ಲಿ ತೆನೆ ಸಣ್ಣದು. ಈಗ ನಾರಿನ ಪುಡಿ ನೇರ ಗುಂಡಿಗೆ ಹೋಗುತ್ತದೆ. ಸೆಗಣಿ ಬಗ್ಗಡದ ಜೊತೆ ಕಪ್ಪಗಾಗುವ ತನಕ ಹೊಲದ ಮುಖ ನೋಡುವುದಿಲ್ಲ.

ಫೆಬ್ರವರಿ 2022: 0.71ರ ಸಂಭ್ರಮ

ಕೊಯ್ಲಾದ ಮೇಲೆ ಮಣ್ಣು ಕಳಿಸಿದೆ. ಫಲಿತಾಂಶ 0.71. ಊರಿಗೆಲ್ಲ ಹೇಳಿದೆ. ಅಪ್ಪ ಮಾತ್ರ "ಎಲ್ಲಿಂದ ಅಗೆದೆ?" ಅಂತ ಕೇಳಿದರು.

ಹೊಲದ ಮೂಡಣ ಮೂಲೆಯಲ್ಲಿ ಐದು ಕಡೆ ಅಗೆದಿದ್ದೆ, ಅಲ್ಲಿ ಮಣ್ಣು ಮೆತ್ತಗಿತ್ತು ಅಂತ. ಮೆತ್ತಗಿರಲು ಕಾರಣ, ಅದು ಅಜ್ಜನ ಕಾಲದ ತಿಪ್ಪೆ ಜಾಗ. ತಿಪ್ಪೆ ಅಲ್ಲಿಂದ ಎದ್ದು ಮೂವತ್ತು ವರ್ಷ ಆಗಿದೆ.

ನಾಚಿಕೆ ಆಯಿತು, ಜೊತೆಗೆ ಕುತೂಹಲವೂ. ಮೂವತ್ತು ವರ್ಷದ ಮೇಲೂ ಉಳಿದಿದೆಯಾ? ಇಂಗ್ಲೆಂಡಿನ ರೋಥಾಮ್‌ಸ್ಟೆಡ್‌ನಲ್ಲಿ ಬಾರ್ಲಿ ಹೊಲದ ಒಂದು ತಾಕಿಗೆ 1852ರಿಂದ 1871ರ ತನಕ ಪ್ರತಿ ವರ್ಷ ಕೊಟ್ಟಿಗೆ ಗೊಬ್ಬರ ಹಾಕಿ ಆಮೇಲೆ ನಿಲ್ಲಿಸಿದರು. ನೂರು ವರ್ಷ ಕಳೆದ ಮೇಲೂ ಆ ತಾಕಿನ ಇಂಗಾಲ, ಗೊಬ್ಬರವನ್ನೇ ಕಾಣದ ಪಕ್ಕದ ತಾಕಿಗಿಂತ ಜಾಸ್ತಿ ಇತ್ತು. ಅಲ್ಲಿಯ ಚಳಿ ಬೇರೆ, ಮಣ್ಣು ಬೇರೆ. ಆದರೂ ಅಜ್ಜನ ತಿಪ್ಪೆಯನ್ನು ಈಗ ಬೇರೆ ಕಣ್ಣಿನಿಂದ ನೋಡುತ್ತೇನೆ.

ಮತ್ತೆ ಸರಿಯಾಗಿ ತೆಗೆದೆ. ಬದು, ಮರದ ಬುಡ, ತಿಪ್ಪೆ ಜಾಗ, ಗೊಬ್ಬರ ಗುಡ್ಡೆ ಹಾಕಿದ್ದ ಕಡೆ ಎಲ್ಲ ಬಿಟ್ಟು ಹಾವಿನ ಹಾಗೆ ಸುತ್ತುತ್ತಾ ಹದಿನೈದು ಕಡೆ. ಮೇಲಿನ ಕಸ ಸರಿಸಿ, ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ ಆರು ಇಂಚು ಅಗೆದು, ಗೋಡೆಯ ಪಕ್ಕದಿಂದ ಮೇಲಿಂದ ಕೆಳಗಿನ ತನಕ ಒಂದೇ ದಪ್ಪದ ಸೀಳು. ಬರೀ ಮೇಲಿನ ಎರಡು ಇಂಚು ಕೆರೆದರೆ ಅಂಕಿ ಚೆನ್ನಾಗಿಯೇ ಬರುತ್ತದೆ, ಸುಳ್ಳಾಗಿ. ಎಲ್ಲ ಬಕೆಟ್‌ನಲ್ಲಿ ಕಲಸಿ, ಗೋಣಿಚೀಲದ ಮೇಲೆ ಹರಡಿ ನಾಲ್ಕು ಭಾಗ ಮಾಡಿ, ಎದುರು ಬದುರಿನ ಎರಡನ್ನು ಎಸೆಯುತ್ತಾ ಅರ್ಧ ಕೆಜಿಗೆ ಇಳಿಸಿದೆ. ನೆರಳಲ್ಲಿ ಒಣಗಿಸಿ ಕಳಿಸಿದೆ.

ಬಂದದ್ದು 0.36. ಊರಿಗೆ ಹೇಳಲಿಲ್ಲ.

ಮೇ 2022: ಸೆಣಬು

ಭರಣಿ ಮಳೆಗೆ ಧರಣಿ ಬೆಳೆ ಅಂತಾರೆ. ಆ ಸಲ ಭರಣಿ ಕೈಕೊಟ್ಟು ಕೃತ್ತಿಕೆ ಚೆನ್ನಾಗಿ ಬಂತು. ರಾಗಿಗೆ ಇನ್ನೂ ಎರಡು ತಿಂಗಳು ಇತ್ತು. ಮೊದಲೆಲ್ಲ ಈ ಮಳೆಗೆ ಸುಮ್ನೆ ಉಳುಮೆ ಮಾಡಿ ಬಿಡುತ್ತಿದ್ದೆವು. ಬರೀ ಕೆಂಪು ನೆಲ ಬಿಸಿಲಿಗೆ ಬಾಯಿ ಬಿಟ್ಟುಕೊಂಡಿರುತ್ತಿತ್ತು. ಈ ಸಲ 12 ಕೆಜಿ ಸೆಣಬಿನ ಬೀಜ ಎರಚಿದೆ. ನಲವತ್ತೈದು ದಿನಕ್ಕೆ ಎದೆ ಎತ್ತರ. ಹಳದಿ ಹೂ ಕಾಣುವ ಹೊತ್ತಿಗೆ ಮಗುಚಿ ಮಣ್ಣಿಗೆ ಸೇರಿಸಿದೆ. ಹೂ ಮುಗಿದು ಕಾಂಡ ಗಟ್ಟಿಯಾದರೆ ನಾರು ಗಾಲಿಗೆ ಸುತ್ತಿಕೊಂಡು ಟ್ರಾಕ್ಟರಿನವನ ಬಾಯಲ್ಲಿ ಏನೇನೋ ಕೇಳಬೇಕಾಗುತ್ತದೆ.

ಸೆಣಬಿನಂಥ ಎಳೆ ಹಸಿರು ಬೇಗ ಕರಗುತ್ತದೆ. ಅದು ರಾಗಿಗೆ ಊಟ, ಇಂಗಾಲದ ಠೇವಣಿಗೆ ದೊಡ್ಡ ಮೊತ್ತವಲ್ಲ. ನನಗೆ ಹೆಚ್ಚು ಲಾಭ ಅನ್ನಿಸಿದ್ದು ಬೇರಿನಿಂದ. ಬೇರನ್ನು ಯಾರೂ ಹೊತ್ತು ತರಬೇಕಿಲ್ಲ, ಎರಚಬೇಕಿಲ್ಲ. ಅದು ಇರಬೇಕಾದ ಜಾಗದಲ್ಲೇ ಇರುತ್ತದೆ.

ಅದೇ ವರ್ಷ ರೋಟವೇಟರ್ ನಿಲ್ಲಿಸಿದೆ. ಒಂದು ಸಲ ಕಲ್ಟಿವೇಟರ್, ಒಂದು ಸಲ ಕುಂಟೆ. ಹಿಟ್ಟಿನಂಥ ಮಣ್ಣು ನೋಡಿ ಖುಷಿ ಪಡುತ್ತಿದ್ದ ಕಣ್ಣಿಗೆ ಈ ಒರಟು ಹೆಂಟೆ ಹಿಡಿಸಲು ಒಂದು ವರ್ಷ ಬೇಕಾಯಿತು.

ಜೂನ್ 2023: ನೇರಳೆ ಬಾಟಲಿ

ಪ್ರಯೋಗಾಲಯದಲ್ಲಿ ಇಂಗಾಲ ಅಳೆಯಲು ಬಳಸುವುದು 1934ರಲ್ಲಿ ವಾಕ್ಲಿ ಮತ್ತು ಬ್ಲ್ಯಾಕ್ ತೋರಿಸಿಕೊಟ್ಟ ವಿಧಾನ. ಪೊಟ್ಯಾಸಿಯಂ ಡೈಕ್ರೊಮೇಟ್ ಮತ್ತು ಗಟ್ಟಿ ಸಲ್ಫ್ಯೂರಿಕ್ ಆಮ್ಲದಲ್ಲಿ ಇಂಗಾಲವನ್ನು ಉರಿಸಿ, ಉಳಿದ ಡೈಕ್ರೊಮೇಟ್ ಎಷ್ಟು ಅಂತ ಅಳೆಯುತ್ತಾರೆ. ದಯವಿಟ್ಟು ಇದನ್ನು ಮನೆಯಲ್ಲಿ ಮಾಡಬೇಡಿ. ಡೈಕ್ರೊಮೇಟ್ ಕ್ಯಾನ್ಸರ್ ತರುವ ವಸ್ತು, ಆಮ್ಲದ ಬಗ್ಗೆ ಹೇಳಬೇಕಾಗಿಲ್ಲ.

ಮನೆಗೆ ಆಗುವುದು ನೀರನ್ನು ನೇರಳೆ ಮಾಡುವ ಹರಳು, ಪೊಟ್ಯಾಸಿಯಂ ಪರ್ಮಾಂಗನೇಟ್. ಸೂಕ್ಷ್ಮಜೀವಿಗಳು ಬೇಗ ತಿನ್ನುವಂಥ ಚುರುಕು ಇಂಗಾಲ ಜಾಸ್ತಿ ಇದ್ದಷ್ಟೂ ನೇರಳೆ ಬಣ್ಣ ಮಸುಕಾಗುತ್ತದೆ. ಒಟ್ಟು ಇಂಗಾಲ ಅಲುಗುವ ಮೊದಲೇ ಇದು ಅಲುಗುತ್ತದೆ. ಲೀಟರ್ ನೀರಿಗೆ 3.2 ಗ್ರಾಂ ಹರಳು. ಎರಡೂವರೆ ಗ್ರಾಂ ಒಣ ಮಣ್ಣಿಗೆ ಆ ದ್ರಾವಣ 20 ಮಿಲಿ. ಎರಡು ನಿಮಿಷ ಕುಲುಕು, ಹತ್ತು ನಿಮಿಷ ಬಿಡು. ತೂಕಕ್ಕೆ ಚಿನ್ನ ತೂಗುವಂಥ ಪುಟ್ಟ ತಕ್ಕಡಿ.

ಮೊದಲ ದಿನ ಪೂರ್ತಿ ಹಾಳು. ನಮ್ಮ ಜೇಡಿ ಕೆಳಗೆ ಕೂರಲೇ ಇಲ್ಲ. ನೇರಳೆ ನೀರಿನಲ್ಲಿ ಕೆಂಪು ಮಣ್ಣು ತೇಲಿದರೆ ಯಾವ ಬಣ್ಣವನ್ನು ನೋಡುವುದು? ಮೂಲ ವಿಧಾನದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಬೇಕು ಅಂತಿತ್ತು, ನಾನು ಏನು ಮಹಾ ಅಂತ ಬಿಟ್ಟಿದ್ದೆ. ಲೀಟರಿಗೆ 11 ಗ್ರಾಂ ಸೇರಿಸಿದೆ. ಜೇಡಿ ಕಣಗಳು ಒಂದಕ್ಕೊಂದು ಅಂಟಿಕೊಂಡು ಮೊಸರು ಒಡೆದ ಹಾಗೆ ತಳ ಸೇರಿದವು. ಮೇಲೆ ತಿಳಿ ನೇರಳೆ.

ಆ ತಿಳಿಯನ್ನು ಸಿರಿಂಜಿನಲ್ಲಿ ಅರ್ಧ ಮಿಲಿ ತೆಗೆದು 50 ಮಿಲಿ ಆಗುವ ತನಕ ನೀರು ಬೆರೆಸಿದೆ. ಬಿಳಿ ಹಾಳೆಯ ಮುಂದೆ, ಬೆಳಗಿನ ಬೆಳಕಿನಲ್ಲಿ, ಮಣ್ಣು ಹಾಕದ ಬಾಟಲಿಯ ಪಕ್ಕ ಇಟ್ಟೆ. ಬದುವಿನ ಮಣ್ಣು ತಿಳಿ ಗುಲಾಬಿ. ನಾರಿನ ಪುಡಿಯ ಆ ಹಳದಿ ತಾಕು ಮತ್ತು ಹೊಲದ ನಡುವಿನ ಮಣ್ಣು, ಎರಡೂ ಗಾಢ. ಆದರೆ ಡಬ್ಬಿಯಲ್ಲಿ ಎತ್ತಿಟ್ಟಿದ್ದ 2021ರ ಒಣ ಮಣ್ಣಿಗಿಂತ ಒಂದು ಮೆಟ್ಟಿಲು ಮಸುಕು. ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ಬೆರಳು ಒಂದು ವಾರ ಕಂದಾಗಿತ್ತು. ಮದುವೆಮನೆಯಲ್ಲಿ ಬಡಿಸಲು ನಿಂತಾಗ ಎಲ್ಲರೂ ಕೈ ನೋಡಿ ಹಿಂದೆ ಸರಿದರು.

ಫೆಬ್ರವರಿ 2024: ಒಂದೇ ಮಣ್ಣು, ಎರಡು ಹೆಸರು

ಹಿಂದಿನ ವರ್ಷ 0.41 ಬಂದಿತ್ತು. 0.36ರಿಂದ 0.41. ಏರಿತು ಅನ್ನಲೇ? ನನಗೆ ಅನುಮಾನ. ಈ ಸಲ ಒಂದೇ ಬಕೆಟ್‌ನ ಮಣ್ಣನ್ನು ಎರಡು ಚೀಲಕ್ಕೆ ತುಂಬಿ, ಒಂದಕ್ಕೆ ನನ್ನ ಹೆಸರು, ಇನ್ನೊಂದಕ್ಕೆ ಅಪ್ಪನ ಹೆಸರು ಬರೆದು ಒಂದೇ ಪ್ರಯೋಗಾಲಯಕ್ಕೆ ಕೊಟ್ಟೆ. ನನ್ನದು 0.40, ಅಪ್ಪನದು 0.45. ಅಪ್ಪನಿಗೆ ಇದರಲ್ಲಿ ಆಶ್ಚರ್ಯ ಕಾಣಲಿಲ್ಲ.

ಅಲ್ಲಿಯವರ ತಪ್ಪು ಅಂತ ನಾನು ಹೇಳುವುದಿಲ್ಲ. ಪರೀಕ್ಷೆಗೆ ಹೋಗುವುದು ಒಂದು ಚಿಟಿಕೆ ಮಣ್ಣು. ಅದರಲ್ಲಿ ಒಂದು ಬೇರಿನ ಚೂರು ಸಿಕ್ಕಿಕೊಂಡರೆ ಸಾಕು. ಆದರೆ ನನ್ನ ಎರಡು ವರ್ಷದ 'ಪ್ರಗತಿ' ಪೂರ್ತಿ ಆ 0.05ರ ಅಲುಗಾಟದೊಳಗೆ ಮುಳುಗಿಹೋಯಿತು. ಅಂದಿನಿಂದ ಮೂರು ಚೀಲ ಕಳಿಸುತ್ತೇನೆ, ಸರಾಸರಿ ಬರೆದುಕೊಳ್ಳುತ್ತೇನೆ. ಅದೇ ತಿಂಗಳು, ಅದೇ ಆಳ, ಅದೇ ಪ್ರಯೋಗಾಲಯ.

ಇನ್ನೊಂದು ಮಾತು ಕೇಳಿಕೊಳ್ಳಬೇಕು. ಪ್ರಯೋಗಾಲಯದ ಡೈಕ್ರೊಮೇಟ್ ವಿಧಾನದಲ್ಲಿ ಮುಕ್ಕಾಲು ಪಾಲಿಗಿಂತ ಸ್ವಲ್ಪ ಜಾಸ್ತಿ ಇಂಗಾಲ ಮಾತ್ರ ಉರಿಯುತ್ತದೆ, ಅದಕ್ಕೆ ಉತ್ತರವನ್ನು 1.3ರಿಂದ ಗುಣಿಸುವ ರೂಢಿ ಇದೆ. ಗುಣಿಸಿದ್ದಾರಾ ಇಲ್ಲವಾ? ಬರೆದಿರುವುದು ಸಾವಯವ ಇಂಗಾಲವಾ, ಸಾವಯವ ಪದಾರ್ಥವಾ? ಇಂಗಾಲವನ್ನು 1.724ರಿಂದ ಗುಣಿಸಿದರೆ ಪದಾರ್ಥ. ಪಕ್ಕದ ಊರಿನ ಒಬ್ಬರು 0.7 ಅಂತ ಹೆಮ್ಮೆಯಿಂದ ತೋರಿಸಿದ್ದು ಪದಾರ್ಥದ ಅಂಕಿ. ಇಂಗಾಲಕ್ಕೆ ಇಳಿಸಿದರೆ 0.41, ನನ್ನ ಜೊತೆಯವರೇ.

ಫೆಬ್ರವರಿ 2025

ಮೂರು ಚೀಲ: 0.45, 0.49, 0.47. ಸರಾಸರಿ 0.47. ಇನ್ನೂ 'ಕಡಿಮೆ' ಗುಂಪಿನಲ್ಲೇ. ಆದರೆ ಮೂರರಲ್ಲಿ ಯಾವುದೂ ಹಳೆಯ 0.38ರ ಹತ್ತಿರ ಇಲ್ಲ, ಅದನ್ನು ಮಾತ್ರ ನಂಬುತ್ತೇನೆ. ಉಂಗುರ ಮತ್ತೆ ಇಳಿಸಿದೆ. 1.48 ಇದ್ದದ್ದು 1.41. ಮಣ್ಣು ಹಗುರಾದರೆ ಆರು ಇಂಚಿನಲ್ಲಿ ಇರುವ ಮಣ್ಣೇ ಕಡಿಮೆಯಾಗುತ್ತದೆ. ಒಟ್ಟು ಇಂಗಾಲ ಲೆಕ್ಕ ಹಾಕುವಾಗ ಇದನ್ನು ಮರೆತರೆ ನಮ್ಮ ಬೆನ್ನು ನಾವೇ ಜಾಸ್ತಿ ತಟ್ಟಿಕೊಂಡ ಹಾಗೆ. ಹೊಸ ತೂಕದಲ್ಲಿ ಎಕರೆಗೆ ಸುಮಾರು 4 ಟನ್. ನಾಲ್ಕು ವರ್ಷದಲ್ಲಿ ಸೇರಿದ್ದು ಆರುನೂರು ಕೆಜಿ ಆಸುಪಾಸು. ಹನ್ನೆರಡು ಲೋಡ್ ಗೊಬ್ಬರ, ಮೂರು ಸಲ ಸೆಣಬು.

ತಳ ಕತ್ತರಿಸಿದ ಪೇಂಟ್ ಡಬ್ಬಿ ನೆಲಕ್ಕೆ ಇಳಿಸಿ, ಒಂದು ಇಂಚು ನೀರು ಹೊಯ್ದು ಗಡಿಯಾರ ನೋಡುವುದು ನನ್ನ ಇನ್ನೊಂದು ಚಟ. 2021ರಲ್ಲಿ ಇಂಗಲು 23 ನಿಮಿಷ ಹಿಡಿದಿತ್ತು. ಈಗ 9. ಹೆಂಟೆಯನ್ನೂ ಮತ್ತೆ ಲೋಟಕ್ಕೆ ಇಳಿಸಿದೆ. ನಲವತ್ತು ಸೆಕೆಂಡಿಗೆ ಕುಸಿಯಲಿಲ್ಲ. ಆರು ನಿಮಿಷ ನಿಂತು, ಅರ್ಧ ಉದುರಿ, ಉಳಿದರ್ಧ ಜಾಲರಿಯಲ್ಲೇ ಉಳಿಯಿತು. ಅಪ್ಪ ನೋಡಿ "ಅರ್ಧ ಪಾಸ್" ಅಂದರು.

ಮೇ 2025

ಈ ಸಲ ಭರಣಿಯೇ ಬಂತು. ಸೆಣಬು ಬಿತ್ತಿ ಆಗಿದೆ, ಎರಡು ಎಲೆ ಬಿಟ್ಟಿದೆ. ಪಕ್ಕದ ಹೊಲದವರು ಕಬ್ಬಿಣದ ಉಂಗುರ ಕೇಳಿಕೊಂಡು ಹೋಗಿ ಎರಡು ವಾರವಾಯಿತು. ಒಣಗಿಸಲು ಓವನ್ ಬೇಕು ಅಂತ ಅವರಿಗೆ ನಾನಿನ್ನೂ ಹೇಳಿಲ್ಲ. ಹೇಳಿದರೆ ನಮ್ಮ ಅಡುಗೆಮನೆಗೇ ಬರುತ್ತಾರೆ.